ಎಫ್‌ಎಂಎಫ್ ಇರುವವರ ರೆಟಿನಾದ ರಕ್ತನಾಳಗಳು: ಸ್ಕ್ಯಾನ್ ವರದಿಗೆ ಎಷ್ಟು ಹೆದರಬೇಕು?

ಪ್ರಶ್ನೆ: ಸೋದರಮಾವ, ಹುಬ್ಬಳ್ಳಿ

ಮಾನ್ಯರೆ, ನನ್ನ ಅಕ್ಕನ ಮಗಳಿಗೆ 19 ವರ್ಷ. ಚಿಕ್ಕಂದಿನಿಂದಲೂ ಆಗಾಗ ಎರಡು-ಮೂರು ದಿನ ಜ್ವರ ಮತ್ತು ತಡೆಯಲಾಗದ ಹೊಟ್ಟೆನೋವು ಬಂದು ತಾನಾಗಿಯೇ ಇಳಿಯುತ್ತಿತ್ತು. ಟೈಫಾಯ್ಡ್ ಎಂದೂ ಅಪೆಂಡಿಕ್ಸ್ ಎಂದೂ ಚಿಕಿತ್ಸೆ ನಡೆದು, ಕಳೆದ ವರ್ಷ ಜೀನ್ ಪರೀಕ್ಷೆಯಾದ ಮೇಲೆ ಫ್ಯಾಮಿಲಿಯಲ್ ಮೆಡಿಟರೇನಿಯನ್ ಫೀವರ್ (ಎಫ್‌ಎಂಎಫ್), ಅಂದರೆ ಜ್ವರ, ಉರಿಯೂತ ಮರುಕಳಿಸುವ ಆನುವಂಶಿಕ ಕಾಯಿಲೆ ಎಂಬುದು ಖಚಿತವಾಯಿತು. ಈಗ ಕಾಲ್ಚಿಸಿನ್ ಮಾತ್ರೆ ನಡೆದಿದ್ದು, ಜ್ವರ ಬಹಳ ಮಟ್ಟಿಗೆ ಹಿಡಿತಕ್ಕೆ ಬಂದಿದೆ. ಇತ್ತೀಚೆಗೆ ಕನ್ನಡಕ ಬದಲಿಸಲು ಹೋದಾಗ ಕಣ್ಣಿನ ವೈದ್ಯರು ಈ ಹಿನ್ನೆಲೆ ತಿಳಿದು ರೆಟಿನಾದ (ಕಣ್ಣಿನ ಹಿಂಭಾಗದ, ಬೆಳಕು ಗ್ರಹಿಸುವ ಪರದೆಯ) ರಕ್ತನಾಳಗಳನ್ನು ತೋರಿಸುವ ಓಸಿಟಿ ಆಂಜಿಯೋಗ್ರಫಿ ಎಂಬ ಸ್ಕ್ಯಾನ್ ಮಾಡಿಸಿದರು. ರೆಟಿನಾದ ಆಳದ ಪದರದಲ್ಲಿ ಸೂಕ್ಷ್ಮ ರಕ್ತನಾಳಗಳ ಸಾಂದ್ರತೆ ಸ್ವಲ್ಪ ಕಡಿಮೆ ಇದೆ ಎಂದು ವರದಿ ಬಂದಿದೆ. ಕನ್ನಡಕ ಹಾಕಿದರೆ ದೃಷ್ಟಿ 6/6 ಇದೆ. ಈ ಬದಲಾವಣೆ ಕಾಯಿಲೆಯದೋ ಮಾತ್ರೆಯದೋ ತಿಳಿಯದೆ, ಮಾತ್ರೆಯನ್ನೇ ನಿಲ್ಲಿಸಿಬಿಡೋಣ ಎಂದು ಅಕ್ಕ ಹೇಳುತ್ತಿದ್ದಾಳೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ನೇತ್ರತಜ್ಞೆ, ಧಾರವಾಡ

ಮಾತ್ರೆಯನ್ನು ದಯವಿಟ್ಟು ನಿಲ್ಲಿಸಬೇಡಿ. ಕೀಲುನೋವಿಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಬೇರೆ ಮಾತ್ರೆ ವರ್ಷಗಟ್ಟಲೆ ಸೇವಿಸಿದರೆ ರೆಟಿನಾಕ್ಕೆ ಹಾನಿ ಮಾಡಬಹುದು, ಅದಕ್ಕಾಗಿ ನಿಯಮಿತ ಕಣ್ಣಿನ ತಪಾಸಣೆಯೂ ಬೇಕು. ಜನ ಆ ಎಚ್ಚರಿಕೆಯನ್ನು ತಪ್ಪಾಗಿ ಕಾಲ್ಚಿಸಿನ್‌ಗೂ ಅಂಟಿಸಿಬಿಡುತ್ತಾರೆ.

ಇನ್ನು ವರದಿಯ ವಿಷಯ. ಈ ಸ್ಕ್ಯಾನಿನಲ್ಲಿ ಕೈಗೆ ಬಣ್ಣದ ಇಂಜೆಕ್ಷನ್ ಕೊಡುವುದಿಲ್ಲ. ಒಂದೇ ಜಾಗವನ್ನು ಬೆಳಕಿನಿಂದ ಮತ್ತೆ ಮತ್ತೆ ಸ್ಕ್ಯಾನ್ ಮಾಡಿ, ಚಿತ್ರದಿಂದ ಚಿತ್ರಕ್ಕೆ ಯಾವುದು ಬದಲಾಯಿತೋ ಅದನ್ನು ಹರಿಯುವ ರಕ್ತವೆಂದು ಯಂತ್ರ ಲೆಕ್ಕ ಹಾಕುತ್ತದೆ. ಹೀಗಾಗಿ ಕಣ್ಣು ಅಲುಗಾಡಿದರೆ, ಸಿಗ್ನಲ್ ದುರ್ಬಲವಾಗಿದ್ದರೆ ಅಥವಾ ಕಣ್ಣಿನ ಮೇಲ್ಮೈ ಒಣಗಿದ್ದರೆ ಸಾಂದ್ರತೆಯ ಅಂಕಿ ಇಳಿಯುತ್ತದೆ; ಆಳದ ಪದರದ ಅಂಕಿಯಂತೂ ಮೇಲಿನ ಪದರದ ನೆರಳುಗಳಿಂದ ಇನ್ನಷ್ಟು ಏರುಪೇರಾಗುತ್ತದೆ. ಹೆಚ್ಚು ಮೈನಸ್ ನಂಬರ್ ಇರುವ ಕಣ್ಣು ಉದ್ದವಾಗಿರುವುದರಿಂದ ಅಲ್ಲಿಯೂ ಸಾಂದ್ರತೆ ಕಡಿಮೆ ಕಾಣುವುದು ಸಾಮಾನ್ಯ. ಹುಡುಗಿಯ ನಂಬರ್ ಎಷ್ಟು ಎಂದು ನೀವು ಬರೆದಿಲ್ಲ.

ಎಫ್‌ಎಂಎಫ್‌ನಲ್ಲಿ ರೆಟಿನಾ ಮತ್ತು ಅದರ ಹಿಂದಿನ ಕೊರಾಯ್ಡ್ ಪದರದ ಬಗ್ಗೆ ಅಧ್ಯಯನಗಳಾಗಿವೆ. ಕಾಯಿಲೆ ಹೆಚ್ಚಾಗಿರುವ ಟರ್ಕಿಯಲ್ಲೇ ಅವುಗಳಲ್ಲಿ ಬಹುಪಾಲು ನಡೆದಿವೆ. ಸಣ್ಣ ಗುಂಪುಗಳ ಮೇಲೆ ನಡೆದ ಈ ಅಧ್ಯಯನಗಳಲ್ಲಿ ಫಲಿತಾಂಶ ಒಂದೇ ರೀತಿಯಾಗಿಲ್ಲ. ಉರಿಯೂತ ನಾಳಗಳ ಒಳಪದರವನ್ನು ಕೆಣಕುತ್ತದೆ ಎಂಬುದು ನಿಜ. ಆದರೆ ಗುಂಪಿನ ಸರಾಸರಿಯಲ್ಲಿ ಕಂಡ ಸಣ್ಣ ವ್ಯತ್ಯಾಸದಿಂದ ಒಬ್ಬ ವ್ಯಕ್ತಿಯ ದೃಷ್ಟಿಯ ಭವಿಷ್ಯ ಹೇಳಲು ಬರುವುದಿಲ್ಲ. ರೆಟಿನಾದ ನಾಳಗಳಲ್ಲಿ ನಿಜವಾದ ವ್ಯಾಸ್ಕ್ಯುಲೈಟಿಸ್ (ರಕ್ತನಾಳದ ಉರಿಯೂತ) ಈ ಕಾಯಿಲೆಯಲ್ಲಿ ಅಪರೂಪ. ಅದರ ಮುಖ್ಯ ಗುರುತಾದ ನಾಳದ ಸೋರಿಕೆ ಬಣ್ಣ ಕೊಟ್ಟು ಮಾಡುವ ಫ್ಲೋರೆಸಿನ್ ಆಂಜಿಯೋಗ್ರಫಿಯಲ್ಲಿ ಕಾಣುತ್ತದೆಯೇ ಹೊರತು ಈ ಸ್ಕ್ಯಾನಿನಲ್ಲಿ ಅಲ್ಲ. ಬೆಹ್ಚೆಟ್ ಎಂಬ ಬೇರೆ ಉರಿಯೂತದ ಕಾಯಿಲೆಯಲ್ಲಿ ರೆಟಿನಾದ ನಾಳಗಳು ಗಂಭೀರವಾಗಿ ಕೆಡಬಹುದು. ಇಂಟರ್ನೆಟ್‌ನಲ್ಲಿ ಹುಡುಕುವವರಿಗೆ ಎರಡೂ ಒಂದೇ ಪುಟದಲ್ಲಿ ಸಿಗುವುದರಿಂದ ಹೆದರಿಕೆ ದೊಡ್ಡದಾಗುತ್ತದೆ.

ಉತ್ತರ: ನಿವೃತ್ತ ಫಿಜಿಷಿಯನ್, ಗದಗ

ಮೇಡಂ ಅವರ ಮಾತಿಗೆ ನನ್ನ ಸಹಮತವಿದೆ. ನನ್ನ ಕಳವಳ ಕಣ್ಣಿಗಿಂತ ಕಿಡ್ನಿಯದು. ಎಂಇಎಫ್‌ವಿ ಎಂಬ ಜೀನ್‌ನಲ್ಲಿ ದೋಷವಾದಾಗ ಪೈರಿನ್ ಪ್ರೋಟೀನ್ ಲಂಗುಲಗಾಮಿಲ್ಲದೆ ಕೆಲಸ ಮಾಡಿ, ಐಎಲ್-1 ಬೀಟಾ ಎಂಬ ಉರಿಯೂತದ ವಸ್ತು ಅತಿಯಾಗಿ ಬಿಡುಗಡೆಯಾಗುತ್ತದೆ. ಈ ಜೀನ್ ಪತ್ತೆಯಾದದ್ದು 1997ರಲ್ಲಿ. ಉರಿಯೂತವನ್ನು ವರ್ಷಗಟ್ಟಲೆ ಹಾಗೆಯೇ ಬಿಟ್ಟರೆ ಅಮೈಲಾಯ್ಡ್ ಎಂಬ ಪದಾರ್ಥ ಕಿಡ್ನಿಯಲ್ಲಿ ಶೇಖರವಾಗಿ, ಮೂತ್ರದಲ್ಲಿ ಪ್ರೋಟೀನ್ ಹೋಗಲು ಶುರುವಾಗುತ್ತದೆ. 1972ರಿಂದ ಬಳಕೆಯಲ್ಲಿರುವ ಕಾಲ್ಚಿಸಿನ್ ಇದನ್ನೇ ತಡೆಯುತ್ತದೆ. ಆದ್ದರಿಂದ ಜ್ವರ ಬಾರದ ದಿನಗಳಲ್ಲೂ ಮಾತ್ರೆ ತಪ್ಪಬಾರದು. ಮೂತ್ರದ ಪ್ರೋಟೀನ್ ಮತ್ತು ಸಿಆರ್‌ಪಿ (ರಕ್ತದಲ್ಲಿ ಉರಿಯೂತದ ಮಟ್ಟ ತೋರಿಸುವ) ಪರೀಕ್ಷೆಗಳನ್ನು ವೈದ್ಯರು ಹೇಳಿದ ಅವಧಿಗೆ ಮಾಡಿಸಿರಿ. ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಜೊತೆಗೆ ಸೇರಿದರೆ ಕಾಲ್ಚಿಸಿನ್ ದೇಹದಲ್ಲಿ ವಿಷದ ಮಟ್ಟಕ್ಕೆ ಏರಬಹುದು. ಮೆಡಿಕಲ್ ಶಾಪ್‌ನಲ್ಲಿ ಚೀಟಿಯಿಲ್ಲದೆ ಔಷಧ ಕೇಳುವ ನಮ್ಮ ಕಡೆಯ ರೂಢಿಯನ್ನು ಈ ಮನೆಯಲ್ಲಂತೂ ಬಿಡಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನಂಬರ್ ಎರಡೂ ಕಣ್ಣಿಗೆ ಮೈನಸ್ ಆರೂವರೆ. ಅಕ್ಕ-ಭಾವ ಸಂಬಂಧಿಕರು, ಅತ್ತೆ-ಮಾವನ ಮಕ್ಕಳು, ಹುಡುಗಿಗೆ ತಮ್ಮನೊಬ್ಬನಿದ್ದಾನೆ. ಕಾಲ್ಚಿಸಿನ್ ಅಗ್ನಿಶಿಖೆ ಬಳ್ಳಿಯಲ್ಲೇ ಇದೆ, ಅದರ ಗೆಡ್ಡೆಯನ್ನೇ ಕೊಡಿ ಎಂದು ಊರಿನ ಹಿರಿಯರೊಬ್ಬರು ಹೇಳುತ್ತಿದ್ದಾರೆ.

ಉತ್ತರ: ನಿವೃತ್ತ ಫಿಜಿಷಿಯನ್, ಗದಗ

ಬಳ್ಳಿಯಲ್ಲಿ ಕಾಲ್ಚಿಸಿನ್ ಇರುವುದು ನಿಜ, ಗೆಡ್ಡೆ ತಿಂದು ಜನ ಸತ್ತಿರುವುದೂ ಅಷ್ಟೇ ನಿಜ. ಮಾತ್ರೆಯಲ್ಲಿ ಪ್ರಮಾಣ ಮಿಲಿಗ್ರಾಂ ಲೆಕ್ಕದಲ್ಲಿ ಗೊತ್ತಿರುತ್ತದೆ, ಗೆಡ್ಡೆಯಲ್ಲಿ ಗೊತ್ತಾಗುವುದಿಲ್ಲ. ತಂದೆ-ತಾಯಿ ಇಬ್ಬರೂ ದೋಷದ ಒಂದೊಂದು ಪ್ರತಿ ಹೊತ್ತಿದ್ದರೆ ಪ್ರತಿ ಮಗುವಿಗೂ ಎರಡೂ ಪ್ರತಿ ಬರುವ ಸಂಭವ ಶೇಕಡಾ 25. ತಮ್ಮನಿಗೆ ಕಾರಣವಿಲ್ಲದೆ ಜ್ವರ, ಹೊಟ್ಟೆನೋವು ಮರುಕಳಿಸುತ್ತಿದ್ದರೆ ತಡಮಾಡದೆ ತೋರಿಸಿರಿ.

ಉತ್ತರ: ನೇತ್ರತಜ್ಞೆ, ಧಾರವಾಡ

ಮೈನಸ್ ಆರೂವರೆ ಎಂದ ಮೇಲೆ ಆ ಅಂಕಿಗೆ ಕಾಯಿಲೆಯನ್ನೇ ಹೊಣೆ ಮಾಡುವುದು ಕಷ್ಟ. ಈ ವರದಿಯನ್ನು ಮೂಲದಾಖಲೆಯಾಗಿ ಇಟ್ಟುಕೊಂಡು, ಮುಂದಿನ ಸ್ಕ್ಯಾನನ್ನು ಸಾಧ್ಯವಾದರೆ ಅದೇ ಯಂತ್ರದಲ್ಲಿ, ಜ್ವರವಿಲ್ಲದ ದಿನ ಮಾಡಿಸಿರಿ. ಬೇರೆ ಕಂಪನಿಯ ಯಂತ್ರದ ಅಂಕಿಯನ್ನು ಇದರೊಂದಿಗೆ ಹೋಲಿಸಲಾಗದು. ಇಷ್ಟು ನಂಬರ್ ಇರುವವರಿಗೆ ರೆಟಿನಾದ ಅಂಚು ತೆಳುವಾಗಿರುವ ಸಂಭವವಿರುವುದರಿಂದ, ಪಾಪೆ ಹಿಗ್ಗಿಸಿ ಅಂಚನ್ನು ವರ್ಷಕ್ಕೊಮ್ಮೆ ನೋಡಿಸಬೇಕು. ಮಿಂಚು ಕಂಡರೆ, ಕಪ್ಪು ಚುಕ್ಕೆಗಳು ಹಠಾತ್ತಾಗಿ ಹೆಚ್ಚಾದರೆ, ಕಣ್ಣು ಕೆಂಪಾಗಿ ಬೆಳಕು ತಾಳದಂತಾದರೆ ಅಂದೇ ಬರಬೇಕು.