ಅಪ್‌ಡೇಟ್: ಮಾಡೆಲ್ ರೈಲುಗಳಿಗೆ ಕೊನೆಗೂ ಇನ್ಶೂರೆನ್ಸ್ ಆಯ್ತು

ಮಡಿಕೇರಿ ಮನೆಯಲ್ಲಿರುವ ಅಪ್ಪನ ಮಾಡೆಲ್ ರೈಲುಗಳಿಗೆ ಇನ್ಶೂರೆನ್ಸ್ ಮಾಡಿಸೋದು ಹೇಗೆ ಅಂತ ಕೇಳಿದ್ದೆನಲ್ಲ, ಕೆಲಸ ಆಯ್ತು. ಎಲ್ಲರಿಗೂ ಥ್ಯಾಂಕ್ಸ್. ರೈಲು ಹಳಿಯೇ ಇಲ್ಲದ ಕೊಡಗಿನಲ್ಲಿ ಅಪ್ಪ ಇವನ್ನು ಅಷ್ಟು ಪ್ರೀತಿಯಿಂದ ಕೂಡಿಟ್ಟಿದ್ದಾರೆ.

ಮಾಮೂಲಿ ಮನೆ ಸಾಮಾನಿನ ಜೊತೆ ಸೇರಿಸಿ ಅನ್ನೋ ಸಲಹೆ ನಡೆಯಲಿಲ್ಲ. ಸಂಗ್ರಹದ ವಸ್ತು ಅದರಲ್ಲಿ ಬರಲ್ಲ ಅಂತ ಇನ್ಶೂರೆನ್ಸ್ ಕಂಪನಿಯವರು ಅಂದರು. 'ಭಾರತ್ ಗೃಹ ರಕ್ಷಾ' ಅನ್ನೋ ಮನೆ ಇನ್ಶೂರೆನ್ಸ್ ಪಾಲಿಸಿಯಲ್ಲಿ ಬೆಲೆಬಾಳುವ ವಸ್ತುಗಳಿಗೆ ಬೇರೆ ಕವರ್ ಇದೆ, ಅದನ್ನೇ ಕೇಳಿ ಅಂತ ನಿಮ್ಮಲ್ಲಿ ಕೆಲವರು ಅಂದಿದ್ದರಲ್ಲ, ಆ ಮಾತು ಫಲ ಕೊಟ್ಟಿತು. ಬೆಲೆಯನ್ನು ಮೊದಲೇ ಮಾತಾಡಿ ಬರೆದುಕೊಳ್ಳುತ್ತಾರೆ. ಒಟ್ಟು 5 ಲಕ್ಷದೊಳಗೆ, ಒಂದೊಂದು ವಸ್ತು 1 ಲಕ್ಷದೊಳಗೆ ಇದ್ದರೆ ವ್ಯಾಲ್ಯುಯೇಷನ್ ಸರ್ಟಿಫಿಕೇಟ್ (ವಸ್ತುವಿನ ಬೆಲೆ ಇಷ್ಟು ಅನ್ನೋ ಪ್ರಮಾಣಪತ್ರ) ಬೇಡ. ನಾನು ಆದರೂ ಪ್ರತಿ ಇಂಜಿನ್ ಮಗುಚಿ ಹಾಕಿ ಅಡಿಯ ನಂಬರ್, ಚಕ್ರ, ಹಳೇ ಡಬ್ಬಿಯ ಲೇಬಲ್ ಎಲ್ಲದರ ಫೋಟೋ ತೆಗೆದು ಪಟ್ಟಿ ಮಾಡಿ ಕೊಟ್ಟೆ. ಅದರಿಂದ ಮಾತುಕತೆ ಬಹಳ ಸುಲಭವಾಯ್ತು.

ಗುಡ್ಡ ಕುಸಿತ, ಪ್ರವಾಹ ಎರಡೂ ಪಾಲಿಸಿಯಲ್ಲೇ ಇವೆ. 2018ರ ಮಳೆ ನೋಡಿದವರಿಗೆ ಅದು ದೊಡ್ಡ ಸಮಾಧಾನ ಅಲ್ವಾ? ಆಶ್ಚರ್ಯ ಆಗಿದ್ದು ಕಳ್ಳತನದ ವಿಷಯ. ಬೆಂಕಿ, ಪ್ರವಾಹದಂಥ ಅನಾಹುತ ಆಗಿ 7 ದಿನದೊಳಗೆ, ಅದರಿಂದಲೇ ಆದ ಕಳ್ಳತನಕ್ಕೆ ಮಾತ್ರ ದುಡ್ಡು. ಬೀಗ ಒಡೆದು ಕದ್ದರೆ ಅಂತ ಬರ್ಗ್ಲರಿ ಕವರ್ ಬೇರೆಯಾಗಿ ತಗೊಂಡೆ. ನೀವೂ ಮರೀದೆ ಕೇಳಿ.

ಮಳೆಗಾಲದ ಶೀತಕ್ಕೆ ನಿಧಾನವಾಗಿ ಹಿಡಿಯುವ ತುಕ್ಕು, ಬೂಷ್ಟಿಗೆ ಕ್ಲೇಮ್ ಇಲ್ಲ. ಅದಕ್ಕೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಪ್ಯಾಕೆಟ್ ತಂದಿಟ್ಟಿದ್ದೇನೆ.