ಅತ್ತೆಯವರ ನೋವಿನ ಮಾತ್ರೆ: ರಾತ್ರಿ ಕೊಡೋ ಮುಂಚೆ ಇದನ್ನ ಪೂರ್ತಿ ಓದಿ

ಅಕ್ಕಾ, ನೀವು ಹಾಕಿದ ಚೀಟಿ ಫೋಟೊ ನೋಡಿದೆ. ಮಂಡಿ ಆಪರೇಷನ್ ಆದ ಅತ್ತೆಯವರಿಗೆ ಟ್ರಾಮಡಾಲ್ ಸೇರಿದ ಮಾತ್ರೆ ದಿನಕ್ಕೆ ಮೂರು ಸಲ ಬರೆದಿದ್ದಾರೆ. ರಾತ್ರಿ ನೋವು ತಡೆಯೋಕಾಗ್ತಿಲ್ಲ, ಎರಡು ಒಟ್ಟಿಗೆ ಕೊಡಲಾ, ಜೊತೆಗೆ ಮಾಮೂಲಿ ಕ್ಲೋನಜೆಪಾಮ್ ನಿದ್ದೆ ಮಾತ್ರೆನೂ ಕೊಡಲಾ ಅಂತ ಕೇಳಿದ್ದೀರಿ. ಎರಡು ಒಟ್ಟಿಗೆ ಖಂಡಿತ ಬೇಡ. ನಿದ್ದೆ ಮಾತ್ರೆ ವಿಷಯ ಇವತ್ತು ಕತ್ತಲಾಗೋ ಮೊದಲೇ ಡಾಕ್ಟರನ್ನ ಕೇಳಿ. ಅವರು ಸಿಗದಿದ್ದರೆ ಆಪರೇಷನ್ ಆದ ಆಸ್ಪತ್ರೆಯ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ.

ಯಾಕೆ ಅಂದರೆ, ಟ್ರಾಮಡಾಲ್ ಅಫೀಮಿನ ಜಾತಿಯ ಔಷಧಿ. ಅದೂ ಕ್ಲೋನಜೆಪಾಮೂ ಎರಡೂ ಮೆದುಳನ್ನ ಮಂದ ಮಾಡ್ತವೆ. ಒಟ್ಟಿಗೆ ಸೇರಿದಾಗ ನಿದ್ದೆಯಲ್ಲೇ ಉಸಿರು ನಿಧಾನ ಆಗಬಹುದು. ಹಾಗಂತ ನೀವಾಗಿ ಕ್ಲೋನಜೆಪಾಮ್ ನಿಲ್ಲಿಸೋ ಹಾಗೂ ಇಲ್ಲ. ವರ್ಷಗಟ್ಟಲೆ ತಗೊಂಡಿದ್ದನ್ನ ಹಠಾತ್ತಾಗಿ ಬಿಟ್ಟರೆ ಫಿಟ್ಸ್ ಬರಬಹುದು, ಟ್ರಾಮಡಾಲಿಗೂ ಫಿಟ್ಸ್ ತರಿಸೋ ಗುಣ ಇದೆ. ಯಾವುದನ್ನ ಕಮ್ಮಿ ಮಾಡಬೇಕು, ಯಾವುದನ್ನ ಬದಲಾಯಿಸಬೇಕು ಅನ್ನೋದನ್ನ ಡಾಕ್ಟರೇ ಹೇಳಬೇಕು. ಮನಸ್ಸಿನ ಕಾಯಿಲೆಗೆ ಸರ್ಟ್ರಾಲಿನ್, ಎಸಿಟಾಲೊಪ್ರಾಮ್, ಫ್ಲೂಆಕ್ಸಟಿನ್ ಥರದ್ದು, ನರದ ನೋವಿಗೆ ಪ್ರಿಗ್ಯಾಬಲಿನ್, ಹಿಂದೆ ಯಾವಾಗಾದರೂ ಫಿಟ್ಸ್, ಕಿಡ್ನಿ ತೊಂದರೆ, ಇವುಗಳಲ್ಲಿ ಯಾವುದಿದ್ದರೂ ಅದನ್ನೂ ಹೇಳಿ. ಕಿಡ್ನಿ ಸರಿಯಿಲ್ಲದವರಲ್ಲಿ ಟ್ರಾಮಡಾಲ್ ಮೈಯಲ್ಲೇ ಉಳಿದು ಸೇರ್ತಾ ಹೋಗುತ್ತೆ, ಆಗ ಎರಡು ಡೋಸ್ ನಡುವೆ ಹೆಚ್ಚು ಅಂತರ ಕೊಡ್ತಾರೆ.

ಈಗ ರಾತ್ರಿ ನೋವಿನ ವಿಷಯ. ತಿಂಡಿ, ಊಟದ ಲೆಕ್ಕದಲ್ಲಿ ಬೆಳಿಗ್ಗೆ 8, ಮಧ್ಯಾಹ್ನ 1, ರಾತ್ರಿ 8ಕ್ಕೆ ಕೊಡ್ತಾ ಇದ್ದೀರಾ? ಹಾಗಾದರೆ ಹಗಲಲ್ಲಿ ಐದೇ ಗಂಟೆಗೆ ಎರಡು ಮಾತ್ರೆ ಬೀಳುತ್ತೆ, ರಾತ್ರಿ ಹನ್ನೆರಡು ಗಂಟೆ ಖಾಲಿ ಉಳಿಯುತ್ತೆ. ಬೆಳಗಿನ ಜಾವ ನರಳೋಕೆ ಅದೇ ಕಾರಣ ಇರಬಹುದು. ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10 ಅಂತ ಎಂಟೆಂಟು ಗಂಟೆಗೆ ಹಂಚಬಹುದಾ ಅಂತ ಅದೇ ಫೋನಲ್ಲಿ ಕೇಳಿ. ಎಷ್ಟೋ ಸಲ ಒಂದು ಮಾತ್ರೆನೂ ಜಾಸ್ತಿ ಮಾಡದೆ ಇಷ್ಟರಲ್ಲೇ ನೋವು ಹತೋಟಿಗೆ ಬರುತ್ತೆ. ಮಾತ್ರೆ ಕೆಲಸ ಶುರು ಮಾಡೋಕೆ ಸುಮಾರು ಒಂದು ಗಂಟೆ ಬೇಕು, ಪೂರ್ತಿ ಹಿಡಿಯೋಕೆ ಎರಡು ಗಂಟೆ. ಅರ್ಧ ಗಂಟೆಗೇ "ಕೇಳ್ತಿಲ್ಲ" ಅಂತ ಇನ್ನೊಂದು ಕೊಟ್ಟರೆ ಎರಡೂ ಒಟ್ಟಿಗೆ ಏರುತ್ತವೆ. ತಪ್ಪಾಗೋದು ಹೆಚ್ಚಾಗಿ ಇಲ್ಲೇ. ಒಂದು ಡೋಸ್ ಮರೆತರೂ ಮುಂದಿನ ಸಲ ಎರಡು ಕೊಡಬೇಡಿ.

ಸ್ಟ್ರಿಪ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಟ್ರಾಮಡಾಲ್ 37.5 ಮಿಲಿಗ್ರಾಂ, ಪ್ಯಾರಾಸಿಟಮಾಲ್ 325 ಮಿಲಿಗ್ರಾಂ ಅಂತ ಇದೆ. ಅಂದರೆ ಮೂರು ಮಾತ್ರೆಗೆ 975 ಪ್ಯಾರಾಸಿಟಮಾಲ್ ಆಗಲೇ ಹೋಯ್ತು. ಅದರ ಮೇಲೆ ಜ್ವರಕ್ಕೆ ಅಂತ 650ರದ್ದು ಮೂರು ಸಲ, ನೆಗಡಿಗೆ ಅಂತ 500 ಸೇರಿದ ಮಾತ್ರೆ ಮೂರು ಸಲ ಕೊಟ್ಟರೆ 4425 ಆಯ್ತು. ಆರೋಗ್ಯವಾಗಿರೋ ದೊಡ್ಡವರಿಗೂ ದಿನದ ಮಿತಿ 4000. ತೂಕ ಕಮ್ಮಿ ಇರೋರಿಗೆ, ಲಿವರ್ ತೊಂದರೆ ಇರೋರಿಗೆ ಇನ್ನೂ ಕಮ್ಮಿ. ಹೆಸರು ಬೇರೆ ಬೇರೆ, ಒಳಗಿರೋದು ಅದೇ. ಡೈಕ್ಲೋಫಿನಾಕ್, ಐಬುಪ್ರೊಫೆನ್ ಕೂಡ ನೀವಾಗಿ ಸೇರಿಸಬೇಡಿ. ಆಪರೇಷನ್ ಆದ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ಔಷಧಿ ಕೊಟ್ಟಿರ್ತಾರೆ, ಜೊತೆಗೆ ಇವೂ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ಸ್ಟ್ರಿಪ್ ಮೇಲೆ ಎಸ್‌ಆರ್ ಅಥವಾ ಇಆರ್ ಅಂತ ಇದ್ದರೆ ಅದು ನಿಧಾನವಾಗಿ ಬಿಡುಗಡೆ ಆಗೋ ಮಾತ್ರೆ. ಅದನ್ನ ಮುರಿದು ಪುಡಿ ಮಾಡಿದರೆ ಗಂಟೆಗಟ್ಟಲೆ ಸ್ವಲ್ಪಸ್ವಲ್ಪವಾಗಿ ಹೋಗಬೇಕಾದ ಔಷಧಿ ಒಂದೇ ಸಲ ಒಳಗೆ ಹೋಗುತ್ತೆ.

ಮೊದಲ ಎರಡು ಮೂರು ದಿನ ರಾತ್ರಿ ಪಕ್ಕದಲ್ಲಿ ಯಾರಾದರೂ ಮಲಗಿ. ಮಲಗಿದಾಗ ಎದೆ ಏರಿಳಿಯೋದನ್ನ ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿ. 12ರಿಂದ 20 ಇರಬೇಕು. 10ಕ್ಕಿಂತ ಕಮ್ಮಿ ಇದ್ದರೆ, ಹಿಂದೆಂದೂ ಇಲ್ಲದ ಗೊರಗೊರ ಗೊರಕೆ ಬಂದರೆ, ತುಟಿ ನೀಲಿಯಾದರೆ, ಭುಜ ಅಲುಗಾಡಿಸಿ ಕೂಗಿದರೂ ಕಣ್ಣು ಬಿಡದಿದ್ದರೆ ತಕ್ಷಣ ಆಂಬ್ಯುಲೆನ್ಸ್ ಕರೆಸಿ. ಬರೋವರೆಗೆ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ. "ಪಾಪ, ಈಗ ನಿದ್ದೆ ಹತ್ತಿದೆ, ಮಲಗಲಿ" ಅಂತ ಬಿಡಬೇಡಿ. ಜ್ವರ, ಮೈ ನಡುಕ, ವಿಪರೀತ ಬೆವರು, ತಳಮಳ ಒಟ್ಟಿಗೆ ಬಂದರೂ ಆಸ್ಪತ್ರೆಗೇ ಹೋಗಬೇಕು. ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇರೋದರಿಂದ ಬೆವರಿ ಸುಸ್ತಾದರೆ ಮೊದಲು ಗ್ಲುಕೋಮೀಟರಲ್ಲಿ ನೋಡಿ, ಟ್ರಾಮಡಾಲ್ ಕೆಲವರಿಗೆ ಸಕ್ಕರೆ ಇಳಿಸುತ್ತೆ.

ಮಲಬದ್ಧತೆ ಬಂದೇ ಬರುತ್ತೆ ಅಂತ ಇಟ್ಟುಕೊಳ್ಳಿ. ಕರುಳಿನ ಚಲನೆಯನ್ನೇ ಇದು ನಿಧಾನ ಮಾಡೋದರಿಂದ ಬರೀ ನಾರಿನ ಪುಡಿ ಸಾಲದು, ಬೈಸಾಕೋಡಿಲ್ ಅಥವಾ ಲ್ಯಾಕ್ಟುಲೋಸ್ ಥರದ್ದನ್ನ ಈಗಲೇ ಬರೆಸಿಕೊಳ್ಳಿ. ಎದ್ದಾಗ ತಲೆ ತಿರುಗುತ್ತೆ, ಮಂಚದ ಅಂಚಲ್ಲಿ ಎರಡು ನಿಮಿಷ ಕೂರಿಸಿ, ಆಮೇಲೆ ನಿಲ್ಲಿಸಿ. ಮೀನಖಂಡ ಊದಿ ನೋವು ಹೆಚ್ಚಾದರೆ ಅಥವಾ ಗಾಯ ಕೆಂಪಾಗಿ ಜ್ವರ ಬಂದರೆ ಅದು ಮಾತ್ರೆ ಹೆಚ್ಚಿಸೋ ನೋವಲ್ಲ, ಡಾಕ್ಟರ್ ನೋಡಲೇಬೇಕು.

ಮನೇಲಿ ಇಬ್ಬರು ಮೂವರು ಮಾತ್ರೆ ಕೊಡ್ತಾ ಇದ್ದರೆ ಇವತ್ತಿಂದ ಒಬ್ಬರೇ ಕೊಡಿ. ಕೊಡೋ ಮುಂಚೆ ಗಂಟೆ ಬರೆದಿಡಿ, ಕೊಟ್ಟಾದ ಮೇಲೆ ಅಲ್ಲ. ಸ್ಟ್ರಿಪ್ಪನ್ನ ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿಡಿ. ನೋವು ಇಳಿದು ಉಳಿದದ್ದನ್ನ ಯಾರ ಬೆನ್ನುನೋವಿಗೂ ಕೊಡಬೇಡಿ. ಇದನ್ನ ಒಬ್ಬರ ಮೈ ಬೇಗ ಬಲವಾದ ರೂಪಕ್ಕೆ ತಿರುಗಿಸುತ್ತೆ, ಇನ್ನೊಬ್ಬರದು ತಿರುಗಿಸೋದೇ ಇಲ್ಲ. ವಾರಗಟ್ಟಲೆ ತಗೊಂಡಿದ್ದರೆ ಮಾತ್ರ ಒಂದೇ ಸಲ ನಿಲ್ಲಿಸದೆ ಡಾಕ್ಟರ್ ಹೇಳಿದ ಹಾಗೆ ಇಳಿಸ್ತಾ ಬನ್ನಿ.

ಫೋನ್ ಮಾಡಿದ ಮೇಲೆ ಅವರು ಏನಂದರು ಅಂತ ಇಲ್ಲೇ ಹಾಕಿ ಅಕ್ಕಾ. ಅತ್ತೆಯವರ ಬಿಪಿ, ಸಕ್ಕರೆ ಮಾತ್ರೆಗಳ ಸ್ಟ್ರಿಪ್ ಫೋಟೊನೂ ಕಳಿಸಿ, ಹಿಂದಿನ ಬದಿ ಕಾಣೋ ಹಾಗೆ.