ಪುಟ್ಟ ಮಕ್ಕಳು ಮನೆಗೆ ಬರುತ್ತಿದ್ದಾರೆ, ಏನೇನು ಎತ್ತಿಡಬೇಕು?

ನಮ್ಮದು ಮಕ್ಕಳಿಲ್ಲದ ಮನೆ. ಇನ್ನು ಮೇಲೆ ತಂಗಿ ಆಗಾಗ ಬಂದು ಹೋಗುತ್ತಾಳೆ, ಜೊತೆಗೆ 9 ತಿಂಗಳ ಪಾಪು ಮತ್ತು ಎರಡೂವರೆ ವರ್ಷದ ಮಗಳು. ಗಾಜಿನ ಟೀಪಾಯಿ, ಎತ್ತರದ ಪುಸ್ತಕದ ಕಪಾಟು, ನೆಲದ ಮೇಲೆ ಸಾಲಾಗಿ ಕುಂಡಗಳು. ಎಲ್ಲಿಂದ ಶುರು ಮಾಡಲಿ? ಅನುಭವ ಇದ್ದವರು ಹೇಳಿ.

*

ಇಡೀ ಮನೆಯನ್ನು ಸರಿ ಮಾಡಲು ಹೋಗಬೇಡಿ, ಸುಮ್ನೆ ಸುಸ್ತು. ಒಂದು ಕೋಣೆ ಆರಿಸಿ, ಉಳಿದ ಬಾಗಿಲುಗಳನ್ನು ಮುಚ್ಚಿಬಿಡಿ. ನಮ್ಮ ಮನೆಗೆ ಅಕ್ಕನ ಮಕ್ಕಳು ಬಂದಾಗ ನಾವು ಮಾಡುವುದು ಇಷ್ಟೇ.

ಆ ಕೋಣೆಯಲ್ಲಿ ಒಮ್ಮೆ ನೀವೇ ಅಂಬೆಗಾಲಿಟ್ಟು ಓಡಾಡಿ. ನಗಬೇಡಿ, ನಿಜಕ್ಕೂ ಮಾಡಿ. ಸೋಫಾದ ಕೆಳಗೆ ನಾಣ್ಯ, ಪೆನ್ನಿನ ಮುಚ್ಚಳ, ಕಿತ್ತುಬಂದ ಗುಂಡಿ, ಎಲ್ಲ ಆಗ ಕಾಣಿಸುತ್ತವೆ. ಟಾಯ್ಲೆಟ್ ಪೇಪರ್ ಸುರುಳಿಯ ರಟ್ಟಿನ ಕೊಳವೆಯೊಳಗೆ ತೂರುವ ವಸ್ತು ಯಾವುದಿದ್ದರೂ ಎತ್ತಿಡಿ. ಅಷ್ಟು ಸಣ್ಣದು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಬಟನ್ ಸೆಲ್, ಅಂದರೆ ಗುಂಡಿಯಂಥ ಪುಟ್ಟ ಬ್ಯಾಟರಿ ಕಂಡರೆ. ಸಣ್ಣ ರಿಮೋಟ್, ತೂಕದ ಯಂತ್ರ, ತೆರೆದರೆ ಹಾಡುವ ಶುಭಾಶಯ ಪತ್ರ, ಹೀಗೆ ನಮಗೆ ನೆನಪೇ ಇಲ್ಲದ ಕಡೆ ಅದು ಕೂತಿರುತ್ತದೆ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಒಳಗಿನ ಭಾಗವನ್ನು ಸುಟ್ಟುಬಿಡಬಹುದು. ನುಂಗಿರಬಹುದು ಅನ್ನುವ ಅನುಮಾನ ಸಾಕು, ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಿ. ವಾಂತಿ ಮಾಡಿಸಬೇಡಿ.

ಟೀಪಾಯಿ ಸಾಗಿಸಿ. ಕಪಾಟನ್ನು ಮಾತ್ರ ಗೋಡೆಗೆ ಬ್ರಾಕೆಟ್ ಹಾಕಿ ಬಿಗಿಯಲೇಬೇಕು. ಎರಡೂವರೆ ವರ್ಷದವರಿಗೆ ಅದರ ಹಲಗೆಗಳೆಲ್ಲ ಮೆಟ್ಟಿಲೇ.

*

ಮೇಲಿನದಕ್ಕೆ ನನ್ನದೂ ಒಂದಿಷ್ಟು. ನೀವು ಮನೆಯನ್ನೆಲ್ಲ ಸಜ್ಜು ಮಾಡಿರುತ್ತೀರಿ, ಬಂದ ನೆಂಟರು ಕೈಚೀಲವನ್ನು ನೆಲದ ಮೇಲೆ ಇಟ್ಟು ಹರಟೆಗೆ ಕೂರುತ್ತಾರೆ. ಅದರಲ್ಲಿ ಬಿಪಿ ಮಾತ್ರೆ ಇರುತ್ತದೆ! ಬಾಗಿಲಲ್ಲೇ ಎಲ್ಲರ ಚೀಲ ಇಸಿದುಕೊಂಡು ಮೇಲಿಡಿ. ಯಾರಾದರೂ ಮುಖ ಸಿಂಡರಿಸಿದರೆ ಸಿಂಡರಿಸಲಿ.

ಬಚ್ಚಲಲ್ಲಿ ಬಕೆಟ್ ಬೋರಲು ಹಾಕಿ. ತಳದಲ್ಲಿ ನಾಲ್ಕು ಬೆರಳು ನೀರಿದ್ದರೂ, ತಲೆ ಕೆಳಗಾಗಿ ಬಿದ್ದ ಪಾಪುವಿಗೆ ಮೇಲೇಳಲು ಆಗುವುದಿಲ್ಲ. ಒಳಗಿನ ಚಿಲಕ ದೊಡ್ಡವಳ ಕೈಗೆ ಎಟುಕುತ್ತದಾ ನೋಡಿ. ಎಟುಕಿದರೆ ಬಾಗಿಲ ಮೇಲಂಚಿಗೆ ದಪ್ಪ ಟವೆಲ್ ನೇತುಹಾಕಿ. ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಬೆರಳೂ ಜಜ್ಜುವುದಿಲ್ಲ.

ಚಹಾದ ಲೋಟ ಮೇಜಿನ ನಡುವೆ ಇರಲಿ, ಮೇಜಿಗೆ ಬಟ್ಟೆ ಬೇಡ. ಎಳೆದರೆ ಎಲ್ಲವೂ ತಲೆಯ ಮೇಲೆ.

*

ಅಂಗಡಿಯಲ್ಲಿ ಸಿಗುವ ಬೀಗ, ಮೂಲೆಯ ರಬ್ಬರ್ ಅಂತ ದುಡ್ಡು ಸುರಿಯಬೇಡಿ. ಮೊದಲು ತಂಗಿಗೆ ಫೋನ್ ಮಾಡಿ, ಈಗ ಅವು ಏನು ಕಲಿತಿವೆ ಅಂತ ಕೇಳಿ. ಹಿಡಿದು ನಿಲ್ಲುತ್ತದಾ? ಡ್ರಾಯರ್ ಎಳೆಯುತ್ತದಾ? ಹೋದ ಸಲ ತೆವಳುತ್ತಿದ್ದ ಪಾಪು ಈ ಸಲ ಎದ್ದು ನಿಂತಿರುತ್ತದೆ, ಅಲ್ವಾ? ಹಾಗಾಗಿ ಪ್ರತಿ ಸಲವೂ ಕೇಳಬೇಕು.

ಒಂದು ಕೆಳಗಿನ ಡ್ರಾಯರ್ ಅವರಿಗೇ ಬಿಟ್ಟುಕೊಡಿ. ಪ್ಲಾಸ್ಟಿಕ್ ಡಬ್ಬ, ಮರದ ಸೌಟು, ಸ್ಟೀಲ್ ತಟ್ಟೆ ಹಾಕಿಡಿ. ಶಬ್ದಕ್ಕೆ ನಿಮ್ಮ ತಲೆ ಸಿಡಿಯುತ್ತದೆ, ಆದರೆ ಒಂದು ಗಂಟೆ ಬೇರೆಲ್ಲೂ ಹೋಗುವುದಿಲ್ಲ. ದೊಡ್ಡವಳು ತರುವ ಆಟದ ಸಾಮಾನಿನ ಸಣ್ಣ ತುಂಡುಗಳು ಪಾಪುವಿನ ಬಾಯಿ ಸೇರದಂತೆ ನೋಡಿಕೊಳ್ಳಿ. ಪಾಪುವನ್ನು ಸೋಫಾ ಮೇಲೆ ಮಲಗಿಸಬೇಡಿ. ನೆಲದ ಮೇಲೆ ಗಟ್ಟಿ ಹಾಸಿಗೆ, ಅಂಗಾತ, ದಿಂಬಿಲ್ಲದೆ.

*

ಎಲ್ಲರಿಗೂ ಥ್ಯಾಂಕ್ಸ್. ಟೀಪಾಯಿ ಇವತ್ತೇ ಒಳಕೋಣೆಗೆ ಹೋಯಿತು. ಕುಂಡಗಳ ಬಗ್ಗೆ ಯಾರೂ ಹೇಳಲಿಲ್ಲವಲ್ಲ?

*

ಯಾವ ಗಿಡ ಅನ್ನುವುದರ ಮೇಲಿದೆ. ಅಗಲ ಎಲೆಯ ಮೇಲೆ ಬಿಳಿ ಮಚ್ಚೆ ಇರುವ ಡೈಫೆನ್‌ಬಾಕಿಯಾ ಎಲೆ ಕಚ್ಚಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತದೆ. ಕಣಗಿಲೆಯಂತೂ ಎಲೆಯಿಂದ ಹೂವಿನವರೆಗೆ ವಿಷ. ಇವೆರಡಿದ್ದರೆ ಬಾಗಿಲಾಚೆಗೆ. ಉಳಿದವನ್ನೂ ಎತ್ತರದಲ್ಲಿಡಿ, ವಿಷ ಇರಲಿ ಬಿಡಲಿ, ಮಣ್ಣು ತಿನ್ನದೆ ಬಿಡುವುದಿಲ್ಲ.